ಟಿಪ್ಪರ್‌ಗೆ ತೂಕದ ಮೀಟರ್, ಚಾಸಿಗೆ ಪ್ಲೇಟ್: ಆರು ತಿಂಗಳು ಓಡಿಸಿ ನೋಡಿದ್ದು

ನಮ್ಮದು ಹತ್ತು ಚಕ್ರದ ಟಿಪ್ಪರ್. ಚಿಕ್ಕಬಳ್ಳಾಪುರ ಕಡೆಯ ಕ್ರಷರ್‌ಗಳಿಂದ ಬೆಂಗಳೂರಿಗೆ ಜಲ್ಲಿ, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹೊಡೆಯುತ್ತೇವೆ. ಹೋದ ಮಳೆಗಾಲದಲ್ಲಿ ಒಂದು ದಿನ ಗೇಟಿನಲ್ಲಿ ಗಾಡಿ ತೂಗುವ ವೇ ಬ್ರಿಡ್ಜ್ ಕೆಟ್ಟಿತ್ತು. ಲೋಡರ್‌ನವನು ಯಾವಾಗಲೂ ಹಾಕುವಷ್ಟೇ ಬಕೆಟ್ ಹಾಕಿದ, ನಮ್ಮ ಡ್ರೈವರ್ ಟರ್ಪಾಲು ಕಟ್ಟಿ ಹೊರಟ. ದಾರಿಯಲ್ಲಿ ಚೆಕಿಂಗ್ ಆಯಿತು, ಓವರ್‌ಲೋಡ್. ಮರಳು ಪೂರ್ತಿ ನೆನೆದಿತ್ತು, ಅಷ್ಟೇ. ಬಕೆಟ್ ಲೆಕ್ಕ ಒಂದೇ, ತೂಕದ ಲೆಕ್ಕ ಬೇರೆ. 2019ರ ತಿದ್ದುಪಡಿ ಆದ ಮೇಲೆ ಓವರ್‌ಲೋಡ್‌ಗೆ ಕಾನೂನಿನಲ್ಲಿರುವ ದಂಡ 20,000 ರೂಪಾಯಿ, ಮೇಲೆ ಜಾಸ್ತಿ ಇರುವ ಪ್ರತಿ ಟನ್ನಿಗೆ 2,000. ಅದು ಸಾಲದು ಅಂತ ಜಾಸ್ತಿ ಇರುವ ಮಾಲನ್ನು ಅಲ್ಲೇ ಇಳಿಸಿದ ಮೇಲೆಯೇ ಗಾಡಿ ಬಿಡೋದು. ಅವತ್ತೇ ತೀರ್ಮಾನ ಮಾಡಿದೆ, ಗಾಡಿಯಲ್ಲೇ ತೂಕ ಗೊತ್ತಾಗಬೇಕು.

ಹೈವೇ ಪಕ್ಕದ ಒಂದು ವರ್ಕ್‌ಶಾಪ್‌ಗೆ ಬಿಟ್ಟೆ. ಮೀಟರ್ ಹಾಕೋಕೆ ಮುಂಚೆ ಮೇಸ್ತ್ರಿ ಗಾಡಿ ಕೆಳಗೆ ಮಲಗಿ ಚಾಸಿ, ಅಂದರೆ ಗಾಡಿಯ ಭಾರವೆಲ್ಲ ಹೊರುವ ಕಬ್ಬಿಣದ ಚೌಕಟ್ಟು, ನೋಡಿದರು. ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿದರು. ಎರಡು ನಿಮಿಷಕ್ಕೆ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಎದ್ದು ಬಂತು. ಬಿರುಕಿನೊಳಗೆ ಸೇರಿಕೊಂಡಿದ್ದ ಎಣ್ಣೆ ಅದು. ಎರಡು ವರ್ಷದ ಹಿಂದೆ ಬೇರೆ ಗ್ಯಾರೇಜ್‌ನವರು ಚಾಸಿಯ ಕೆಳ ಅಂಚಿಗೇ ವೆಲ್ಡ್ ಹೊಡೆದಿದ್ದರು, ಅದರ ಪಕ್ಕದಲ್ಲೇ ಹೊಸದಾಗಿ ಬಿರುಕು ಬಿಟ್ಟಿತ್ತು. ಚಾಸಿಯ ಮೇಲಂಚು, ಕೆಳಂಚು ಎರಡಕ್ಕೂ ತೂತು ಕೊರೆಯಬಾರದು, ಬೆಂಕಿ ಮುಟ್ಟಿಸಬಾರದು, ಏಕೆಂದರೆ ಚಾಸಿ ಬಾಗುವಾಗ ಎಳೆತವೆಲ್ಲ ಬೀಳೋದು ಅಲ್ಲೇ. ಇದು ನನಗೂ ಅವತ್ತೇ ಸರಿಯಾಗಿ ಅರ್ಥವಾಗಿದ್ದು.

ಅವರು ಮಾಡಿದ ಕೆಲಸ ನಿಂತು ನೋಡಿದೆ. ಮೊದಲು ಬ್ಯಾಟರಿ ವೈರ್ ಬಿಚ್ಚಿದರು, ಇಲ್ಲದಿದ್ದರೆ ವೆಲ್ಡಿಂಗ್ ಕರೆಂಟಿಗೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿಬಿಡಬಹುದು. ಬಿರುಕು ಮುಗಿಯುವ ಜಾಗದಲ್ಲಿ ಸಣ್ಣ ತೂತು ಕೊರೆದರು, ಅದು ಮುಂದಕ್ಕೆ ಓಡದಿರಲಿ ಅಂತ. ಉದ್ದಕ್ಕೂ ಗ್ರೈಂಡ್ ಮಾಡಿ, ಬಿಸಿ ಮಾಡಿದ ಒಣ ರಾಡಿನಲ್ಲಿ ತುಂಬಿ, ಮತ್ತೆ ಸಮ ಮಾಡಿದರು. ಕೆಳ ಅಂಚಿನಲ್ಲಿ ಬಿರುಕು ಬಿಟ್ಟಿದ್ದರಿಂದ ಇಷ್ಟು ತೂತು, ವೆಲ್ಡ್ ಬೇಕೇ ಬೇಕಿತ್ತು. ಆಮೇಲೆ ಚಾಸಿ ಒಳಗಡೆಗೆ ಎಲ್ ಆಕಾರದ ಪ್ಲೇಟ್ ಕೂರಿಸಿ, ಪಕ್ಕದ ಗೋಡೆಯಲ್ಲಿ ಮೊದಲೇ ಇದ್ದ ತೂತುಗಳಲ್ಲೇ 10.9 ಗ್ರೇಡಿನ ಗಟ್ಟಿ ಬೋಲ್ಟ್ ಹಾಕಿ ಬಿಗಿದರು. ಪ್ಲೇಟಿನ ಎರಡೂ ತುದಿ ಓರೆಯಾಗಿ ಕತ್ತರಿಸಿದ್ದರು. ನೇರ ಕತ್ತರಿಸಿದರೆ ಪ್ಲೇಟ್ ಮುಗಿಯುವ ಗೆರೆಯಲ್ಲೇ ಚಾಸಿ ಮತ್ತೆ ಬಿರುಕು ಬಿಡುತ್ತೆ.

ನಾನು ಆಸೆಯಿಂದ ಕೇಳಿಯೇಬಿಟ್ಟೆ, ಇನ್ನು ಎರಡು ಟನ್ ಜಾಸ್ತಿ ಹಾಕಬಹುದಾ ಅಂತ. ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದರು: "ಇಲ್ಲಣ್ಣ. ಇದು ಗಾಡಿ ಬಾಳಿಕೆಗೆ. ಆರ್‌ಸಿಯಲ್ಲಿ ಇರೋ ತೂಕ ಪ್ಲೇಟ್ ಹಾಕಿದ್ರೆ ಬದಲಾಗಲ್ಲ, ಬ್ರೇಕೂ ಅದೇ, ಆಕ್ಸಲ್ಲೂ ಅದೇ." ಜಾಸ್ತಿ ಹಾಕಬಹುದು ಅಂತ ಹೇಳಿ ಕೆಲಸ ಹಿಡಿಯುವವರನ್ನು ನೋಡಿದ್ದೇನೆ. ಇವರ ಮೇಲೆ ನಂಬಿಕೆ ಬಂದಿದ್ದೇ ಈ ಮಾತಿಗೆ.

ಈಗ ಮೀಟರ್ ವಿಷಯ. ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ಚೀಲ) ಗಾಡಿಯಾದರೆ ಗಾಳಿಯ ಒತ್ತಡ ಅಳೆದರೆ ಸಾಕು, ಸುಲಭ. ನಮ್ಮದು ಪಟ್ಟಿ ಸ್ಪ್ರಿಂಗ್, ಹಾಗಾಗಿ ಲೋಡಿಗೆ ಆಕ್ಸಲ್ ಎಷ್ಟು ಬಾಗುತ್ತದೆ ಅನ್ನೋದನ್ನು ಅಳೆಯುವ ಸೆನ್ಸರ್‌ಗಳನ್ನು ಒಂದೊಂದು ಆಕ್ಸಲ್‌ಗೂ ಕೂರಿಸಿದರು. ಖಾಲಿ ಗಾಡಿ ಒಂದು ಸಲ, ಫುಲ್ ಲೋಡ್ ಒಂದು ಸಲ ವೇ ಬ್ರಿಡ್ಜ್‌ಗೆ ಹತ್ತಿಸಿದರು. ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ ತೂಗಿ ಲೆಕ್ಕ ಕೂರಿಸಿದರು.

ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಈ ಬೇರೆ ಬೇರೆ ತೂಕವೇ. 2018ರ ನಿಯಮದಂತೆ ನಮ್ಮ ಹಿಂದಿನ ಜೋಡಿ ಆಕ್ಸಲ್‌ಗೆ ಮಿತಿ 21 ಟನ್. ಲೋಡರ್‌ನವನು ಮಾಲನ್ನೆಲ್ಲ ಹಿಂದಕ್ಕೆ ಸುರಿದರೆ ಒಟ್ಟು ತೂಕ ಸರಿ ಇದ್ದರೂ ಹಿಂದೆ ಮೀರಿಬಿಡುತ್ತದೆ. ಈಗ ಡ್ರೈವರ್ ಕ್ಯಾಬಿನ್‌ನಲ್ಲೇ ನೋಡಿ "ಮುಂದಕ್ಕೆ ಹಾಕಣ್ಣ" ಅಂತ ಕೂಗುತ್ತಾನೆ.

ತೊಂದರೆಗಳೂ ಇವೆ. ಲೋಡ್ ಆದ ತಕ್ಷಣ ತೋರಿಸುವ ತೂಕ ನಂಬಬೇಡಿ. ಪಟ್ಟಿಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ, ಗಾಡಿಯನ್ನು ನಾಲ್ಕು ಮಾರು ಓಡಿಸಿ, ಸಮ ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು ನೋಡಬೇಕು. ಹಾಗೆ ನೋಡಿದಾಗ ನಮಗೆ ವೇ ಬ್ರಿಡ್ಜ್‌ಗೂ ಮೀಟರ್‌ಗೂ ಇನ್ನೂರು, ಮುನ್ನೂರು ಕೆಜಿ ವ್ಯತ್ಯಾಸ ಬರುತ್ತಿದೆ, ಅದಕ್ಕೇ ಅರ್ಧ ಟನ್ ಕಡಿಮೆಗೇ ನಿಲ್ಲಿಸುತ್ತೇವೆ. ಚೆಕಿಂಗ್‌ನಲ್ಲಿ ಈ ಮೀಟರ್ ತೋರಿಸಿದರೆ ನಡೆಯಲ್ಲ, ಸೀಲ್ ಇರುವ ವೇ ಬ್ರಿಡ್ಜ್ ಚೀಟಿಯೇ ಬೇಕು. ವರ್ಕ್‌ಶಾಪ್‌ನವರ ಮೇಲೆ ಒಂದೇ ಬೇಜಾರು: ಮೂರು ದಿನ ಅಂದವರು ಆರು ದಿನ ಮಾಡಿದರು, ಜೊತೆಗೆ ಹಿಂದಿನ ಸೆನ್ಸರ್ ವೈರನ್ನು ಸುಮ್ನೆ ಟೈ ಹಾಕಿ ಬಿಟ್ಟಿದ್ದರು. ಕ್ವಾರಿಯ ಕೆಸರು, ಕಲ್ಲು ಹೊಡೆದು ಎರಡೇ ತಿಂಗಳಿಗೆ ಕಿತ್ತು ಬಂತು. ಫೋನ್ ಮಾಡಿದ ಮರುದಿನವೇ ಕರೆಸಿ, ಪೈಪ್ ಒಳಗೆ ಹಾಕಿ ಚಾಸಿ ಒಳಬದಿಯಿಂದ ಎಳೆದುಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ನೀವು ಮಾಡಿಸುವುದಾದರೆ ಮೊದಲೇ ಪೈಪ್ ಹಾಕಿಸಿ.

ಹೋದ ವಾರ ಬ್ರಾಕೆಟ್ ಹತ್ತಿರ ನಾನೇ ಸೀಮೆಸುಣ್ಣ ಹಚ್ಚಿ ನೋಡಿದೆ. ಗೆರೆ ಬರಲಿಲ್ಲ. ಎರಡನೇ ಗಾಡಿಯನ್ನೂ ಯುಗಾದಿ ಮುಗಿದ ಮೇಲೆ ಅಲ್ಲಿಗೇ ಬಿಡುತ್ತಿದ್ದೇನೆ.