ಕಪ್ಲರ್ ಕೂತ ಮಾತ್ರಕ್ಕೆ ಸೆನ್ಸರ್ ಸರಿಯಲ್ಲ: ‘ಎಲ್ಲ ಮಲ್ಟಿಜೆಟ್‌ಗೂ ಆಗುತ್ತೆ’ ಏರ್‌ಫ್ಲೋ ಸೆನ್ಸರ್ ವಿಮರ್ಶೆ

ಮೈಸೂರು, ಮಂಡ್ಯ ಕಡೆ 1.3 ಮಲ್ಟಿಜೆಟ್ ಡೀಸೆಲ್ ಎಂಜಿನಿನ ಹಳೆಯ ಸ್ವಿಫ್ಟ್, ಡಿಸೈರ್, ವಿಸ್ಟಾ, ಪುಂಟೊಗಳು ಇನ್ನೂ ಬೇಕಾದಷ್ಟು ಓಡುತ್ತಿವೆ. ಪಿಕಪ್ ಹೋಗಿದೆ, ಚೆಕ್ ಎಂಜಿನ್ ದೀಪ ಉರಿಯುತ್ತಿದೆ, ಸ್ಕ್ಯಾನರ್ ಏರ್‌ಫ್ಲೋ ಸೆನ್ಸರಿನ ದೋಷದ ಕೋಡ್ ಪಿ0101 ತೋರಿಸುತ್ತಿದೆ ಎಂದು ಸ್ಪೇರ್ಸ್ ಅಂಗಡಿಗೆ ಹೋದರೆ ಕೌಂಟರ್ ಮೇಲೆ ಎಂಜಿನಿಗೆ ಹೋಗುವ ಗಾಳಿಯ ಸುಳಿವು ಕೊಡುವ ಈ ಸೆನ್ಸರಿನ ಎರಡು ಡಬ್ಬಿ ಬರುತ್ತವೆ. ಒಂದು ಬಾಷ್ ಕಂಪನಿಯದು, ನಂಬರ್ ಸಮೇತ. ಇನ್ನೊಂದು ಹೆಸರಿಲ್ಲದ ಬಿಳಿ ಡಬ್ಬಿ, ಬೆಲೆ ಅದರ ಅರ್ಧಕ್ಕಿಂತ ಕಡಿಮೆ. ‘ಎಲ್ಲ ಮಲ್ಟಿಜೆಟ್‌ಗೂ ಆಗುತ್ತೆ, ಹಾಕ್ಕೊಂಡ್ ನೋಡಿ ಸಾರ್’ ಎಂದು ಕೊಡುತ್ತಾರೆ. ಈ ಬರಹ ಆ ಬಿಳಿ ಡಬ್ಬಿಯ ಬಗ್ಗೆ. ಟರ್ಬೊ ಇರುವ ಗಾಡಿಗೆ ಅದನ್ನು ಹಾಕಬೇಡಿ.

ವಸ್ತು ನೋಡಲು ಕಳಪೆಯಲ್ಲ. ವೈರಿನ ತುದಿಯ ಐದು ಪಿನ್ನಿನ ಕಪ್ಲರ್ ಟಕ್ಕನೆ ಕೂರುತ್ತದೆ, ಸ್ಕ್ರೂ ತೂತುಗಳು ಹೊಂದುತ್ತವೆ. ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಅಳೆದರೆ ಸಿಗ್ನಲ್ 1 ವೋಲ್ಟ್ ಹತ್ತಿರವೇ ಇರುತ್ತದೆ. ತೊಂದರೆ ಇರುವುದು ಗಾಳಿ ಹರಿಯಲು ಶುರುವಾದ ಮೇಲೆ.

ಏರ್‌ಫ್ಲೋ ಸೆನ್ಸರ್ ಇಡೀ ಗಾಳಿಯನ್ನು ಅಳೆಯುವುದಿಲ್ಲ. ಕೊಳವೆಯ ನಡುವೆ ನಿಂತು, ತನ್ನ ಸಣ್ಣ ಸಂದಿಯಲ್ಲಿ ನುಗ್ಗುವ ಗಾಳಿ ಬಿಸಿ ಪದರವನ್ನು ಎಷ್ಟು ತಣಿಸುತ್ತದೆ ಎಂದಷ್ಟೇ ನೋಡುತ್ತದೆ. ಅದರಿಂದ ಒಟ್ಟು ಗಾಳಿಯ ತೂಕ ಎಷ್ಟೆಂದು ಲೆಕ್ಕ ಹಾಕುವುದು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್. ಆ ಲೆಕ್ಕದ ಕೋಷ್ಟಕ ಒಂದು ನಿರ್ದಿಷ್ಟ ಸೆನ್ಸರ್ ಮತ್ತು ಒಂದು ನಿರ್ದಿಷ್ಟ ಕೊಳವೆಯ ಜೋಡಿಗೆ ಬರೆದದ್ದು. ಒಳವ್ಯಾಸ 60 ಮಿ.ಮೀ. ಇರಬೇಕಾದ ಕಡೆ 70 ಮಿ.ಮೀ. ಕೊಳವೆಯಿರುವ ಸೆನ್ಸರ್ ಕೂರಿಸಿದರೆ ದಾರಿ 36% ಅಗಲವಾಗುತ್ತದೆ, ಗಾಳಿಯ ವೇಗ ಇಳಿಯುತ್ತದೆ, ಇಸಿಯುಗೆ ನಿಜಕ್ಕಿಂತ ಸುಮಾರು 26% ಕಡಿಮೆ ಗಾಳಿ ಕಾಣುತ್ತದೆ. ಅದೇ 57 ಮಿ.ಮೀ. ಆದರೆ ಸುಮಾರು 11% ಹೆಚ್ಚು. ಎಂಜಿನ್ ಒಂದೇ ಆದರೂ 75 ಎಚ್‌ಪಿಯದು, 90 ಎಚ್‌ಪಿಯದು, ಬೇರೆ ಬೇರೆ ಕಾರು, ಬೇರೆ ವರ್ಷದ ಇಸಿಯು ಎಂದು ಜೋಡಿ ಬದಲಾಗಬಹುದು. ಹಾಗಾಗಿ ‘ಎಲ್ಲದಕ್ಕೂ ಆಗುತ್ತೆ’ ಎಂಬ ಮಾತಿಗೆ ಬುಡವಿಲ್ಲ.

ಹಾಗಿದ್ದರೂ ಇದನ್ನು ಹಾಕಿಸಿಕೊಂಡ ಎಷ್ಟೋ ಜನ ‘ಸೂಪರ್’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಎಂಜಿನಿಗೇ ಮರಳಿಸುವ ವ್ಯವಸ್ಥೆ ಇಜಿಆರ್. ಕಡಿಮೆ ಓದುವ ಸೆನ್ಸರ್ ಹಾಕಿದಾಗ ಇಸಿಯು, ಇಜಿಆರ್‌ನಿಂದ ಹೊಗೆ ಜಾಸ್ತಿ ಬರುತ್ತಿದೆ, ಅದಕ್ಕೇ ತಾಜಾ ಗಾಳಿ ಕಡಿಮೆಯಾಗಿದೆ ಎಂದುಕೊಂಡು ಇಜಿಆರ್ ವಾಲ್ವ್ ಮುಚ್ಚುತ್ತದೆ. ಗಾಳಿ ಕಡಿಮೆ ಎಂದು ಹೊಗೆ ಮಿತಿಯ ಲೆಕ್ಕದಲ್ಲಿ ಡೀಸೆಲನ್ನೂ ಕತ್ತರಿಸುತ್ತದೆ. ಕಪ್ಪು ಹೊಗೆ ನಿಲ್ಲುತ್ತದೆ, ಐಡಲಿಂಗ್ ನಯವಾಗುತ್ತದೆ, ಊರೊಳಗೆ ಗಾಡಿ ಚೆನ್ನಾಗಿದೆ ಎನಿಸುತ್ತದೆ. ನಾಲ್ಕು ಜನ ಕೂತು ಚಾಮುಂಡಿ ಬೆಟ್ಟ ಹತ್ತಿದಾಗ ಮೂರನೇ ಗೇರಿನಲ್ಲಿ ಕಾಲು ಪೂರ್ತಿ ಒತ್ತಿದರೂ ಎಳೆತ ಇರುವುದಿಲ್ಲ. ಆಗ ಟರ್ಬೊ ಹೋಗಿದೆ ಎಂದು ಬಿಚ್ಚಿಸುವವರೂ ಇದ್ದಾರೆ. ಈ ತಪ್ಪು ನಿರ್ಣಯದ ಖರ್ಚಿನ ಮುಂದೆ ಸೆನ್ಸರಿನಲ್ಲಿ ಉಳಿಸಿದ ದುಡ್ಡು ಏನೇನೂ ಅಲ್ಲ.

ಹೆಚ್ಚು ಓದುವ ಸೆನ್ಸರ್ ಇನ್ನೂ ಅಪಾಯಕಾರಿ, ಅದೂ ಮೊದಮೊದಲು ಖುಷಿ ಕೊಡುತ್ತದೆ. ಇಲ್ಲದ ಗಾಳಿಗೂ ಡೀಸೆಲ್ ಬೀಳುವುದರಿಂದ ಪಿಕಪ್ ಏರಿದಂತೆ ಕಾಣುತ್ತದೆ. ಜೊತೆಗೆ ಇಜಿಆರ್ ಬೇಕಾದ್ದಕ್ಕಿಂತ ಹೆಚ್ಚು ತೆರೆದು ಮಸಿ ಇನ್‌ಟೇಕ್ ಮ್ಯಾನಿಫೋಲ್ಡ್ ತುಂಬಾ ಕೂರುತ್ತದೆ. ಎಕ್ಸಾಸ್ಟ್ ಶಾಖ ಏರುತ್ತದೆ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಗಾಡಿಯಾದರೆ ಅದು ಬೇಗ ಕಟ್ಟಿಕೊಳ್ಳುತ್ತದೆ.

ಟರ್ಬೊ ಪೆಟ್ರೋಲ್ ಗಾಡಿಯಲ್ಲಿ ಇದೇ ತಪ್ಪು ಎಂಜಿನ್ನನ್ನೇ ತಿನ್ನಬಹುದು. ಐಡಲಿಂಗಿನಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಇಂಧನ ಸರಿಪಡಿಸಿಕೊಳ್ಳುತ್ತದೆ, ತಪ್ಪು ಅಡಗಿಕೊಳ್ಳುತ್ತದೆ. ಟರ್ಬೊ ತಳ್ಳುವ ಗಾಳಿಯ ಒತ್ತಡ, ಅಂದರೆ ಬೂಸ್ಟ್ ಏರಿದಾಗ ಹಳೆಯ ಇಸಿಯುಗಳು ಏರ್‌ಫ್ಲೋ ಲೆಕ್ಕವನ್ನೇ ನಂಬಿ ಪೆಟ್ರೋಲ್ ಬಿಡುತ್ತವೆ. 12.5ಕ್ಕೆ 1 ಇರಬೇಕಾದ ಗಾಳಿ–ಪೆಟ್ರೋಲ್ ಪ್ರಮಾಣ, 26% ಕಡಿಮೆ ಓದುವ ಸೆನ್ಸರಿನಿಂದ 17ಕ್ಕೆ 1ರ ಹತ್ತಿರ ಹೋಗುತ್ತದೆ. ಲೋಡ್ ಕಡಿಮೆಯಿದೆ ಎಂದು ಕಿಡಿಯೂ ಮುಂಚೆ ಹಾರುತ್ತದೆ. ಎರಡೂ ಸೇರಿದರೆ ಸಿಲಿಂಡರಿನೊಳಗೆ ಇಂಧನ ಹದತಪ್ಪಿ ಸಿಡಿಯುವ ನಾಕಿಂಗ್, ಕೊನೆಗೆ ಪಿಸ್ಟನ್ನೇ ಹಾಳು. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಕಲಿತಿಟ್ಟುಕೊಂಡ ಇಂಧನದ ತಿದ್ದುಪಡಿ) 10% ದಾಟಿದ್ದರೆ ಕಾಲು ಪೂರ್ತಿ ಒತ್ತಿ ಓಡಿಸಿ ಪರೀಕ್ಷಿಸಲು ಹೋಗಬೇಡಿ. ಹೊಸ ಟರ್ಬೊ ಪೆಟ್ರೋಲ್‌ಗಳಲ್ಲಿ ಹಲವಕ್ಕೆ ಏರ್‌ಫ್ಲೋ ಸೆನ್ಸರೇ ಇರುವುದಿಲ್ಲ, ಮ್ಯಾನಿಫೋಲ್ಡ್ ಒತ್ತಡದ ಮೇಲೆ ಲೆಕ್ಕ ನಡೆಯುತ್ತದೆ. ಕೊಳ್ಳುವ ಮುಂಚೆ ಏರ್ ಫಿಲ್ಟರ್ ಬಾಕ್ಸ್‌ನಿಂದ ಟರ್ಬೊವರೆಗಿನ ಪೈಪನ್ನು ಒಮ್ಮೆ ನೋಡಿ.

ಈಗಾಗಲೇ ಹಾಕಿಸಿಕೊಂಡಿದ್ದರೆ ಸೆನ್ಸರಿನ ಅಂಕಿಗಳನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಓಬಿಡಿ ಡಾಂಗಲ್ ಸಾಕು, ಮನೆಯಲ್ಲೇ ತಿಳಿಯಬಹುದು. ಇಲ್ಲಿ ಒಂದು ಎಚ್ಚರ. ಅಂತರ್ಜಾಲದಲ್ಲಿ ಸಿಗುವ ಅಂಕಿಗಳು ಹೆಚ್ಚಾಗಿ ಸಮುದ್ರಮಟ್ಟದವು. ಮೈಸೂರು 760 ಮೀಟರಿನ ಆಸುಪಾಸಿನಲ್ಲಿದೆ, ಇಲ್ಲಿ ಗಾಳಿಯ ಒತ್ತಡ 101 ಅಲ್ಲ, 92–93 ಕಿಲೋಪ್ಯಾಸ್ಕಲ್. ಮಂಡ್ಯದಲ್ಲಿ ಅದಕ್ಕಿಂತ ತುಸು ಹೆಚ್ಚು. ಸಮುದ್ರಮಟ್ಟದ ಅಂಕಿ ಹಿಡಿದುಕೊಂಡರೆ ಒಳ್ಳೆಯ ಸೆನ್ಸರನ್ನೂ 9% ಕಡಿಮೆ ಎಂದು ಎಸೆಯುತ್ತೀರಿ. ನಮ್ಮ ಲೆಕ್ಕ ಹೀಗೆ: 1248 ಸಿಸಿ, ನಾಲ್ಕು ಸಿಲಿಂಡರ್, ಒಂದಕ್ಕೆ 312 ಸಿಸಿ. 27 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಒಂದು ಲೀಟರ್ ಗಾಳಿ ಸುಮಾರು 1.07 ಗ್ರಾಂ ತೂಗುತ್ತದೆ. ಸಿಲಿಂಡರ್ 85% ತುಂಬಿತು ಎಂದುಕೊಂಡರೆ ಸಿಲಿಂಡರ್ ಗಾಳಿ ಎಳೆದುಕೊಳ್ಳುವ ಪ್ರತಿ ಸಲಕ್ಕೆ 285 ಮಿಲಿಗ್ರಾಂ. 850 ಆರ್‌ಪಿಎಂನಲ್ಲಿ ಸೆಕೆಂಡಿಗೆ 8 ಗ್ರಾಂ, ಲೋಡ್ ಇಲ್ಲದೆ 2000ದಲ್ಲಿ ಸುಮಾರು 19 ಗ್ರಾಂ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಇಜಿಆರ್ ಕಮಾಂಡ್ ಸೊನ್ನೆ ಇರಬೇಕು. ಇಜಿಆರ್ ತೆರೆದಿದ್ದರೆ ಅರ್ಧಕ್ಕೂ ಇಳಿಯಬಹುದು. ಐಡಲಿಂಗಿನಲ್ಲಿ 6, 2000ದಲ್ಲಿ 14 ಬಂದರೆ ಮೊದಲು ಸೆನ್ಸರ್–ಟರ್ಬೊ ನಡುವಿನ ಹೋಸ್ ಸೀಳಿದೆಯೇ, ಕ್ಲಿಪ್ ಸಡಿಲವೇ ನೋಡಿ. ಅಲ್ಲಿಂದ ನುಗ್ಗುವ ಗಾಳಿಯೂ ಲೆಕ್ಕ ತಪ್ಪಿಸುತ್ತದೆ. ಅದು ಸರಿಯಿದ್ದರೆ ಸೆನ್ಸರಿನದೇ ತಪ್ಪಿರುವ ಸಾಧ್ಯತೆ ಹೆಚ್ಚು.

ಇನ್ನೊಂದು ಸುಲಭದ ಪರೀಕ್ಷೆ ಡೀಸೆಲ್ ಗಾಡಿಗೆ ಮಾತ್ರ. ಕಪ್ಲರ್ ಕಳಚಿ ಸ್ವಲ್ಪ ದೂರ ಓಡಿಸಿ. ಇಸಿಯು ತನ್ನ ಬದಲಿ ಅಂಕಿ ಬಳಸುತ್ತದೆ, ದೀಪ ಉರಿಯುತ್ತದೆ. ಪಿಕಪ್ ಹಿಂದಿರುಗಿದರೆ ಸೆನ್ಸರಿನ ಮೇಲಿನ ಅನುಮಾನ ಬಲವಾಗುತ್ತದೆ. ಹಾಗೆಯೇ ಕಪ್ಲರ್ ಮತ್ತೆ ಹಾಕಿ, ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಸೆನ್ಸರ್ ತೋರಿಸುವ ಗಾಳಿಯ ಉಷ್ಣಾಂಶವನ್ನೂ ಕೂಲೆಂಟಿನದನ್ನೂ ಹೋಲಿಸಿ, ಎರಡೂ ಮೂರ್ನಾಲ್ಕು ಡಿಗ್ರಿಯೊಳಗೆ ಇರಬೇಕು. ಮೈನಸ್ 40 ತೋರಿಸಿದರೆ ಒಳಗಿನ ತಂತಿ ಸೇರಿಲ್ಲ.

ಹೊಸದು ಕೊಳ್ಳುವ ಮುಂಚೆ ಹಳೆಯದನ್ನು ತೊಳೆದು ನೋಡಿ. ಏರ್‌ಫ್ಲೋ ಸೆನ್ಸರಿಗೆಂದೇ ಸಿಗುವ ಸ್ಪ್ರೇ ಬಳಸಿ, ಕಾರ್ಬ್ ಕ್ಲೀನರ್ ಬೇಡ, ಬಟ್ಟೆ, ಬೆರಳು ತಾಗಿಸಬೇಡಿ, ಪೂರ್ತಿ ಒಣಗಿದ ಮೇಲೆ ಹಾಕಿ. ಕಬ್ಬಿನ ಗಾಡಿಗಳ ಹಿಂದೆ ಧೂಳಲ್ಲಿ ಓಡಾಡುವ ಮಂಡ್ಯದ ಕಾರುಗಳಿಗೆ ಫಿಲ್ಟರ್ ಬದಲಾಯಿಸಿ ಇಷ್ಟು ಮಾಡಿದರೇ ಎಷ್ಟೋ ಸಲ ಸಾಕಾಗುತ್ತದೆ. ಎಣ್ಣೆ ಹಚ್ಚುವ ಬಟ್ಟೆ ಫಿಲ್ಟರ್ ಇದ್ದರೆ ತೆಗೆದುಬಿಡಿ, ಆ ಎಣ್ಣೆ ಬಿಸಿ ಪದರಕ್ಕೆ ಅಂಟಬಹುದು.

ಕೊಳ್ಳಲೇಬೇಕಾದರೆ ಹಳೆಯ ಸೆನ್ಸರ್ ಕೈಯಲ್ಲಿ ಹಿಡಿದುಕೊಂಡು ಹೋಗಿ, ಹತ್ತು ಅಂಕಿಯ ಬಾಷ್ ನಂಬರ್ ಪೂರ್ತಿ ಹೊಂದಿಸಿ. 0 281 ಎಂದು ಶುರುವಾದರೆ ಡೀಸೆಲ್, 0 280 ಎಂದರೆ ಪೆಟ್ರೋಲ್. ವೋಲ್ಟೇಜ್ ಕೊಡುವ ಸೆನ್ಸರ್ ಜಾಗಕ್ಕೆ ಫ್ರೀಕ್ವೆನ್ಸಿ ಕೊಡುವುದು ಬಂದರೆ ಕಪ್ಲರ್ ಕೂತರೂ ಇಸಿಯು ಓದಲಾರದು. ಒಳಗಿನ ಭಾಗ ಮಾತ್ರ ಕೊಂಡರೆ ನಿಮ್ಮ ಹಳೆಯ ಕೊಳವೆಯನ್ನೇ ಉಳಿಸಿಕೊಳ್ಳಿ, ಗಾಳಿಯ ಬಾಣದ ಗುರುತು ಟರ್ಬೊ ಕಡೆಗಿರಲಿ, ಓ-ರಿಂಗ್ ಮಡಚದಿರಲಿ. ಬಿಳಿ ಡಬ್ಬಿಯ ಓ-ರಿಂಗ್ ಗಟ್ಟಿ, ಹಳೆಯದು ಚೆನ್ನಾಗಿದ್ದರೆ ಅದನ್ನೇ ಹಾಕಿ. ಆಮೇಲೆ ಸ್ಕ್ಯಾನರಿನಲ್ಲಿ ಕೋಡ್ ಅಳಿಸಿ, ಇಸಿಯು ಹಳೆಯ ಸೆನ್ಸರಿಗೆ ಕಲಿತ ತಿದ್ದುಪಡಿಗಳನ್ನೂ ರೀಸೆಟ್ ಮಾಡಿಸಿ. ದುಡ್ಡಿನ ಅಡಚಣೆಯಿದ್ದರೆ ನಂಬರ್ ಹೊಂದುವ ಹಳೆಯ ಅಸಲಿ ಸೆನ್ಸರನ್ನು ಗುಜರಿಯಲ್ಲಿ ಹುಡುಕಿ, ಬಿಳಿ ಡಬ್ಬಿಗಿಂತ ಅದು ಎಷ್ಟೋ ಮೇಲು. ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲ ಎನ್ನುವ ಅಂಗಡಿಗಳೇ ಹೆಚ್ಚು, ಆದ್ದರಿಂದ ಐಡಲಿಂಗ್ ಮತ್ತು 2000 ಆರ್‌ಪಿಎಂ ಅಂಕಿಗಳನ್ನು ಅಂಗಡಿಯ ಮುಂದೆಯೇ ನೋಡಿ ಆಮೇಲೆ ದುಡ್ಡು ಕೊಡಿ.