ಐಫೋನ್ ಆಯ್ತು, ಇನ್ನು ವಾಚ್ ಒಂದಿರಲಿ ಅಂತ ಹೊರಟವರೇ, ದಯವಿಟ್ಟು ಇದನ್ನು ಓದಿ

ಫೋನ್ ತಗೊಂಡಾಯ್ತು, ಅದಕ್ಕೆ ಹೊಂದೋ ವಾಚ್, ಆಮೇಲೆ ಏರ್‌ಪಾಡ್ಸ್ ಅನ್ನೋ ವೈರ್ ಇಲ್ಲದ ಇಯರ್‌ಫೋನ್, ಮಕ್ಕಳಿಗೆ ಐಪ್ಯಾಡ್ ಅಂತ ಲೆಕ್ಕ ಹಾಕ್ತಾ ಇರೋರು ದಯವಿಟ್ಟು ಪೂರ್ತಿ ಓದಿ. ಆಪಲ್ ಸಾಮಾನು ಕೆಟ್ಟದ್ದು ಅಂತ ಹೇಳ್ತಿಲ್ಲ. ಸಾಮಾನು ಚೆನ್ನಾಗೇ ಇದೆ, ಜನ ಸಿಕ್ಕಿಬೀಳೋದೇ ಅದಕ್ಕೆ. ಆದರೆ ಮನೆ ತುಂಬಾ ಒಂದೇ ಕಂಪನಿಯ ಸಾಮಾನು ತುಂಬಿದ ಮೇಲೆ ಹೊರಗೆ ಬರೋದಕ್ಕೆ ಎಷ್ಟು ದುಡ್ಡು ಹೋಗುತ್ತೆ, ಎಷ್ಟು ತಲೆನೋವು ಅನ್ನೋದನ್ನು ಮಾರೋರು ಯಾರೂ ಬಾಯಿಬಿಡಲ್ಲ. ಕೇಳಿದರೂ ಹೇಳಲ್ಲ.

ಮೊದಲು ಎಕ್ಸ್‌ಚೇಂಜ್ ವಿಷಯ. ನಮ್ಮ ಹಳೇ ಐಫೋನ್ 12 ಕೊಟ್ಟು ಹೊಸ ಫೋನ್ ತಗೊಳ್ಳೋಕೆ ಹೋದಾಗ ಆಗಿದ್ದು ಇದು. ಅಂಗಡಿಯ ಸೈಟ್‌ನಲ್ಲಿ ಮಾಡೆಲ್, ಸ್ಟೋರೇಜ್, ಗಾಜು ಒಡೆದಿದೆಯೋ ಇಲ್ಲವೋ ಎಲ್ಲ ತುಂಬಿಸಿದ ಮೇಲೆ 19,000 ರೂಪಾಯಿ ತೋರಿಸಿತ್ತು. ಬ್ಯಾಟರಿ ಬದಲಾಯಿಸಿದ್ದೀರಾ ಅನ್ನೋ ಪ್ರಶ್ನೆ ಅಲ್ಲಿ ಎಲ್ಲೂ ಇರಲಿಲ್ಲ. ಕೌಂಟರ್‌ನಲ್ಲಿ ಮೊದಲು ಹೊಸ ಫೋನ್‌ಗೆ ಬಿಲ್ ಹಾಕಿದರು, ಇಎಂಐಗೆ ಕಾರ್ಡ್ ಸ್ವೈಪ್ ಮಾಡಿಸಿಕೊಂಡರು. ಹಳೇ ಫೋನ್ ಕೈಗೆ ತಗೊಂಡಿದ್ದು ಅದೆಲ್ಲ ಮುಗಿದ ಮೇಲೆ. ಹುಡುಗ ಗಾಜನ್ನೂ ನೋಡಲಿಲ್ಲ, ಕ್ಯಾಮೆರಾನೂ ತೆಗೆಯಲಿಲ್ಲ. ನೇರ ಸೆಟ್ಟಿಂಗ್ಸ್, ಜನರಲ್, ಅಬೌಟ್. ಅಲ್ಲಿ ಪಾರ್ಟ್ಸ್ ಅಂಡ್ ಸರ್ವಿಸ್ ಹಿಸ್ಟರಿ ಅಂತ ಒಂದು ಭಾಗ ಇರುತ್ತೆ. ಬ್ಯಾಟರಿ ಅನ್ನೋ ಸಾಲಿನ ಮುಂದೆ "ಅನ್‌ನೋನ್ ಪಾರ್ಟ್" ಅಂತ ಇತ್ತು. ಅದರ ಮೇಲೆ ಬೆರಳಿಟ್ಟ.

"ಮೇಡಂ, ಬ್ಯಾಟರಿ ಹೊರಗಡೆ ಹಾಕ್ಸಿದ್ದೀರಾ?"

"ಹೌದು. ಚೆನ್ನಾಗೇ ನಡೀತಿದೆಯಲ್ಲಪ್ಪ, ದಿನಪೂರ್ತಿ ಬರುತ್ತೆ."

"ಬರಬಹುದು ಮೇಡಂ, ಸಿಸ್ಟಮ್ ತಗೊಳ್ಳಲ್ಲ. 8,500 ಆಗುತ್ತೆ."

"ಸೈಟ್‌ನಲ್ಲಿ 19,000 ಇದೆಯಲ್ಲ?"

"ಅದು ಅಪ್ ಟು ಮೇಡಂ. ಮೇಲ್ಗಡೆ ಅಪ್ ಟು ಅಂತ ಹಾಕಿದ್ದಾರೆ ನೋಡಿ."

ಅಪ್ ಟು! ಬಿಲ್ ರದ್ದು ಮಾಡಿ ಅಂದರೆ, ಇಎಂಐ ಹೋಗಿಬಿಟ್ಟಿದೆ, ಬ್ಯಾಂಕ್‌ನಿಂದ ವಾಪಸ್ ಬರೋಕೆ ಟೈಮ್ ಹಿಡಿಯುತ್ತೆ ಅಂದರು. ಹಳೇ ಫೋನ್ ನಾವೇ ಹೊರಗೆ ಮಾರಿಕೊಳ್ತೀವಿ ಅಂದರೆ, ಎಕ್ಸ್‌ಚೇಂಜ್ ಬೋನಸ್ ಹೋಗುತ್ತೆ, ಅಷ್ಟು ದುಡ್ಡು ಮೇಲೆ ಕಟ್ಟಿ ಅಂದರು. ಹಾಗಾದರೆ ಈ ಕಂಪನಿಯ ಸಹವಾಸವೇ ಬೇಡ, ಬೇರೆ ಫೋನ್ ತೋರಿಸಿ ಅಂದಾಗ ಆ ಹುಡುಗ ನನ್ನ ಕೈಯತ್ತ ನೋಡಿ ಹೇಳಿದ ಮಾತು ಇನ್ನೂ ಉರಿಸ್ತಿದೆ:

"ವಾಚ್ ಇದೆಯಲ್ಲ ಮೇಡಂ. ಆಂಡ್ರಾಯ್ಡ್ ತಗೊಂಡ್ರೆ ಅದು ಕೆಲಸ ಮಾಡಲ್ಲ."

ಅವನಿಗೆ ಗೊತ್ತಿತ್ತು. ವಾಚ್ ಇರೋರು ಎಲ್ಲಿಗೂ ಹೋಗಲ್ಲ ಅಂತ ಅವನಿಗೂ ಗೊತ್ತು, ಅವನ ಮ್ಯಾನೇಜರ್‌ಗೂ ಗೊತ್ತು. ಚೌಕಾಸಿ ಅಲ್ಲಿಗೆ ಮುಗೀತು. ಅದೇ ಅಂಗಡಿಯಲ್ಲಿ ವಾಚ್ ಮಾರಿದಾಗ ಮಾತ್ರ ಈ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ!

ಈ ಅನ್‌ನೋನ್ ಪಾರ್ಟ್ ಏನು ಅಂತ ತಿಳಿದುಕೊಳ್ಳಿ. ಐಫೋನ್ ಎಕ್ಸ್‌ಆರ್, ಎಕ್ಸ್‌ಎಸ್‌ನಿಂದ ಈಚೆಗೆ ಬ್ಯಾಟರಿಗೆ, 11ರಿಂದ ಡಿಸ್‌ಪ್ಲೇಗೆ, 12ರಿಂದ ಕ್ಯಾಮೆರಾಗೆ ಫೋನೇ ಗುರುತಿನ ತಪಾಸಣೆ ಮಾಡುತ್ತೆ. ಬಿಡಿಭಾಗದ ಚಿಪ್ಪು ಮತ್ತು ಫೋನಿನ ಬೋರ್ಡು ಒಂದನ್ನೊಂದು ಒಪ್ಪಬೇಕು, ಇಲ್ಲದಿದ್ದರೆ ಈ ಮುದ್ರೆ ಬೀಳುತ್ತೆ. ಹೊರಗಿನ ಬ್ಯಾಟರಿ ಎಷ್ಟೇ ಒಳ್ಳೇದಿರಲಿ, ಮುದ್ರೆ ಬಿದ್ದೇ ಬೀಳುತ್ತೆ. 2021ರಲ್ಲಿ ಐಫೋನ್ 13 ಬಂದಾಗ ಇನ್ನೂ ಕೆಟ್ಟದಾಗಿತ್ತು: ಹೊರಗಡೆ ಡಿಸ್‌ಪ್ಲೇ ಬದಲಾಯಿಸಿದರೆ ಮುಖ ನೋಡಿ ಫೋನ್ ತೆರೆಯೋ ಫೇಸ್ ಐಡಿನೇ ನಿಂತುಹೋಗುತ್ತಿತ್ತು. ರಿಪೇರಿಯವರು ಹಳೇ ಡಿಸ್‌ಪ್ಲೇಯ ಸಣ್ಣ ಚಿಪ್ಪನ್ನು ಬಿಡಿಸಿ ಹೊಸದಕ್ಕೆ ಬೆಸುಗೆ ಹಾಕಬೇಕಾಗಿತ್ತು. ಗಲಾಟೆಯಾದ ಮೇಲೆ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಸರಿಮಾಡಿದರು.

ಬ್ಯಾಟರಿ ಬದಲಾಯಿಸೋದು ತಪ್ಪಲ್ಲ ಅನ್ನೋದೂ ನೆನಪಿರಲಿ. ಐಫೋನ್ 14ರವರೆಗಿನ ಬ್ಯಾಟರಿಗಳು 500 ಸೈಕಲ್ (ಒಂದು ಪೂರ್ತಿ ಚಾರ್ಜ್ ಖರ್ಚಾದರೆ ಒಂದು ಸೈಕಲ್) ಆದಾಗ ಮೊದಲಿದ್ದ ಸಾಮರ್ಥ್ಯದ 80% ಉಳಿಯುವಂತೆ ಮಾಡಿರೋದು ಅಂತ ಕಂಪನಿಯೇ ಹೇಳುತ್ತೆ. 15ರಿಂದ ಅದು 1000 ಸೈಕಲ್. ದಿನಕ್ಕೆ ಒಂದು ಪೂರ್ತಿ ಚಾರ್ಜ್ ಖರ್ಚು ಮಾಡೋರಿಗೆ 500 ಸೈಕಲ್ ಅಂದರೆ ಒಂದೂವರೆ ವರ್ಷಕ್ಕಿಂತ ಕಡಿಮೆ. ನಾಲ್ಕು ವರ್ಷ ಇಟ್ಟುಕೊಳ್ಳೋ ಫೋನ್‌ಗೆ ಬ್ಯಾಟರಿ ಹಾಕಿಸಲೇಬೇಕು. ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಹಾಕಿಸಿದರೆ ಆ ಸಾಲಿನಲ್ಲಿ "ಜೆನ್ಯೂಯಿನ್" ಅಂತ ಬರುತ್ತೆ. ಎಕ್ಸ್‌ಚೇಂಜ್‌ಗೆ ಕೊಡೋ ಯೋಚನೆ ಇದ್ದರೆ ಅಲ್ಲೇ ಹಾಕಿಸಿ, ಬಿಲ್ ಜೋಪಾನ. ಫೋನ್ ಸಾಯೋವರೆಗೂ ನೀವೇ ಬಳಸ್ತೀರಾ ಅಂದರೆ ಹೊರಗಡೆ ಹಾಕಿಸಿ, ನಷ್ಟ ಇಲ್ಲ.

ಈಗ ವಾಚ್. ಆಪಲ್ ವಾಚ್ ಶುರು ಮಾಡೋಕೇ ಐಫೋನ್ ಬೇಕು. ಆಂಡ್ರಾಯ್ಡ್ ಜೊತೆ ಅದು ಜೋಡಿಯಾಗೋದೇ ಇಲ್ಲ. ಸಿಮ್ ಇರೋ ಮಾಡೆಲ್ ತಗೊಂಡರೂ ಅಷ್ಟೇ. ಕಳೆದುಹೋದ ಸಾಮಾನು ಹುಡುಕೋ ಏರ್‌ಟ್ಯಾಗ್ ಕೂಡ ಹಾಗೇ, ಐಫೋನ್ ಇಲ್ಲವೇ ಐಪ್ಯಾಡ್ ಇಲ್ಲದೆ ನೋಂದಣಿ ಆಗಲ್ಲ. ಆಂಡ್ರಾಯ್ಡ್ ಫೋನ್‌ಗೆ ಬೇರೆಯವರ ಏರ್‌ಟ್ಯಾಗ್ ಹಿಂಬಾಲಿಸ್ತಿದೆ ಅಂತ ಎಚ್ಚರಿಕೆ ಬರುತ್ತೆ, ನಿಮ್ಮ ಬೀಗದ ಕೈ ಎಲ್ಲಿದೆ ಅಂತ ಅದು ಹೇಳಲ್ಲ. ಏರ್‌ಪಾಡ್ಸ್ ಬ್ಲೂಟೂತ್‌ನಲ್ಲಿ ಎಲ್ಲದಕ್ಕೂ ಹೊಂದುತ್ತೆ, ಅಷ್ಟರಮಟ್ಟಿಗೆ ಪರವಾಗಿಲ್ಲ. ಆದರೆ ಅದರ ಒಳಗಿನ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಅದೇ ಕಂಪನಿಯ ಫೋನೋ ಕಂಪ್ಯೂಟರೋ ಬೇಕು. ಒಳಗಿನ ಬ್ಯಾಟರಿ ಅಂಟು ಹಾಕಿ ಮುಚ್ಚಿರೋದು, ಬಿಚ್ಚಿದರೆ ಮತ್ತೆ ಕೂರಲ್ಲ. ಬ್ಯಾಟರಿ ಸೋತ ದಿನ ಪೂರ್ತಿ ಕಿವಿಬಿರಡೆಯನ್ನೇ ಬದಲಾಯಿಸಬೇಕು.

ಇದರಲ್ಲೆಲ್ಲ ಹೆಚ್ಚು ಹೊಟ್ಟೆ ಉರಿಸೋದು ಪೆನ್ಸಿಲ್. ಐಪ್ಯಾಡ್‌ನಲ್ಲಿ ಬರೆಯೋ ಪೆನ್ಸಿಲ್ ಎಲ್ಲ ಐಪ್ಯಾಡ್‌ಗೂ ಹೊಂದುತ್ತೆ ಅಂತಲ್ಲವಾ ಜನ ಅಂದುಕೊಳ್ಳೋದು? ಇಲ್ಲ. 2022ರಲ್ಲಿ ಬಂದ ಹತ್ತನೇ ತಲೆಮಾರಿನ ಐಪ್ಯಾಡ್‌ಗೆ ಯುಎಸ್‌ಬಿ-ಸಿ ತೂತು ಕೊಟ್ಟರು, ಪೆನ್ಸಿಲ್ ಮಾತ್ರ ಆಗ ಲೈಟ್ನಿಂಗ್ ಪಿನ್ನಿನ (ಆಪಲ್‌ನದೇ ಹಳೇ ಚಾರ್ಜಿಂಗ್ ಪಿನ್) ಹಳೇ ಮೊದಲನೇದೇ ಹೊಂದುತ್ತಿದ್ದದ್ದು. ಅದನ್ನು ಚಾರ್ಜ್ ಮಾಡೋಕೆ ಮಧ್ಯೆ ಒಂದು ಅಡಾಪ್ಟರ್. ಅದಕ್ಕಿಂತ ಹೊಸದಾಗಿದ್ದ ಎರಡನೇ ತಲೆಮಾರಿನ ಪೆನ್ಸಿಲ್ ಅದಕ್ಕೆ ಆಗಲ್ಲ! ಸರಿ, ಎರಡನೇ ಪೆನ್ಸಿಲ್ ಐಪ್ಯಾಡ್ ಪ್ರೋಗೆ ಅಂತ ತಗೊಂಡವರ ಕಥೆ? 2024ರಲ್ಲಿ ಎಂ4 ಚಿಪ್ಪಿನ ಐಪ್ಯಾಡ್ ಪ್ರೋ ಬಂತು. ಹಳೇ ಪ್ರೋ ಪಕ್ಕಕ್ಕೆ ಅಯಸ್ಕಾಂತದಂತೆ ಅಂಟಿಕೊಂಡು ಚಾರ್ಜ್ ಆಗುತ್ತಿದ್ದ ಪೆನ್ಸಿಲ್ ಹೊಸ ಪ್ರೋದಲ್ಲಿ ಕೆಲಸ ಮಾಡಲ್ಲ. ಅದೇ ಥರ ಅಂಟಿಕೊಂಡು ಚಾರ್ಜ್ ಆಗೋದು ಬೇಕಂದರೆ ಹೊಸ ಪೆನ್ಸಿಲ್ ಪ್ರೋ ಬೇಕು, ಬೆಲೆ 11,900. ಹಳೇ ಮ್ಯಾಜಿಕ್ ಕೀಬೋರ್ಡ್ ಕೂಡ ಕೂರಲ್ಲ, ಅದನ್ನೂ ಹೊಸದು ತಗೊಳ್ಳಿ. ಐಪ್ಯಾಡ್ ಒಂದು ಬದಲಾಯಿಸಿದ್ದಕ್ಕೆ ಮೂರು ಸಾಮಾನಿನ ಬಿಲ್. ಅಂಗಡಿಯಲ್ಲಿ ಕೇಳಿದರೆ "ಹೊಸ ಟೆಕ್ನಾಲಜಿ ಮೇಡಂ" ಅಂತ ಒಂದೇ ಉತ್ತರ.

ಫೋನ್‌ನ ಇತಿಹಾಸವೂ ಹೀಗೇ ಇದೆ. 2016ರಲ್ಲಿ ಐಫೋನ್ 7ರಲ್ಲಿ ಇಯರ್‌ಫೋನ್ ತೂತು ತೆಗೆದರು, ಅದೇ ಕಾರ್ಯಕ್ರಮದಲ್ಲಿ ಏರ್‌ಪಾಡ್ಸ್ ತೋರಿಸಿದರು. 2020ರಲ್ಲಿ ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ತೆಗೆದರು, ಬೇರೆಯಾಗಿ ಮಾರೋಕೆ ಇಟ್ಟರು. 2023ರಲ್ಲಿ ಐಫೋನ್ 15ಕ್ಕೆ ಯುಎಸ್‌ಬಿ-ಸಿ ಬಂತು. ಬಂದಿದ್ದು ಒಳ್ಳೇದೇ, ಯುರೋಪಿನ ಕಾನೂನಿನ ಒತ್ತಡ ಇತ್ತು. ಆದರೆ ಅಲ್ಲಿಯವರೆಗೆ ದುಡ್ಡು ಸುರಿದು ತಗೊಂಡ ಲೈಟ್ನಿಂಗ್ ಕೇಬಲ್, ಕಾರಿನ ಡಾಕು, ಕನೆಕ್ಟರು ಎಲ್ಲ ಡ್ರಾಯರ್ ಸೇರಿತು.

ಇದೆಲ್ಲ ತಾನಾಗೇ ಆಗಿದ್ದಲ್ಲ. 2010ರಲ್ಲಿ ಆಪಲ್ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್ ಕಂಪನಿಯ ಮುಖ್ಯರ ಸಭೆಗೆ ಅಂತ ಬರೆದ ಇಮೇಲ್ ಟಿಪ್ಪಣಿ, ಸ್ಯಾಮ್‌ಸಂಗ್ ಜೊತೆಗಿನ ಮೊಕದ್ದಮೆಯಲ್ಲಿ 2014ರಲ್ಲಿ ಹೊರಬಂತು. ಎಲ್ಲ ಸಾಮಾನನ್ನೂ ಒಂದಕ್ಕೊಂದು ಕಟ್ಟಿಹಾಕಿ ಗ್ರಾಹಕರನ್ನು ನಮ್ಮ ವ್ಯವಸ್ಥೆಯೊಳಗೆ ಇನ್ನಷ್ಟು ಬಂಧಿಸಬೇಕು ಅನ್ನೋ ಅರ್ಥದ ಮಾತು ಅದರಲ್ಲಿ ಸ್ಪಷ್ಟವಾಗಿದೆ. 2022ರಲ್ಲಿ ಒಬ್ಬರು, ಐಫೋನ್ ಇಲ್ಲದ ಅಮ್ಮನಿಗೆ ಕಳಿಸೋ ವಿಡಿಯೋ ಸರಿಯಾಗಿ ಹೋಗ್ತಿಲ್ಲ ಅಂತ ಆಗ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್‌ಗೆ ವೇದಿಕೆಯಲ್ಲೇ ಕೇಳಿದರೆ, ಅಮ್ಮನಿಗೂ ಐಫೋನ್ ಕೊಡಿಸಿ ಅಂದರು. 2024ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಆಪಲ್ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಈ ವಾಚ್ ವಿಷಯವೂ ಇದೆ. ಅಂದರೆ ಕೌಂಟರ್‌ನ ಆ ಹುಡುಗ ಒಂದು ನೋಟದಲ್ಲಿ ಲೆಕ್ಕ ಹಾಕಿದ್ದನ್ನು ಮೇಲಿನವರು ಎಂದೋ ಲೆಕ್ಕ ಹಾಕಿ ಇಟ್ಟಿದ್ದಾರೆ.

ನಮ್ಮಲ್ಲಿ ಮೆಸೇಜಿಗೆ ವಾಟ್ಸಾಪ್ ಇರೋದರಿಂದ ಅಮೆರಿಕದವರಷ್ಟು ಐಮೆಸೇಜ್ (ಆಪಲ್‌ನದೇ ಮೆಸೇಜ್ ಸೇವೆ) ಕಾಟ ಇಲ್ಲ. ನಮ್ಮನ್ನು ಹಿಡಿದಿಡೋದು ಆಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್, ಅದರಲ್ಲೂ ಫೋಟೋ. ಉಚಿತ 5 ಜಿಬಿ 2011ರಲ್ಲಿ ಎಷ್ಟಿತ್ತೋ ಇವತ್ತೂ ಅಷ್ಟೇ. ಅದು ಎರಡು ಮದುವೆಯ ಫೋಟೋ, ವಿಡಿಯೋಗೆ ತುಂಬಿಹೋಗುತ್ತೆ. ಆಮೇಲೆ 50 ಜಿಬಿಗೆ ತಿಂಗಳಿಗೆ 75 ರೂಪಾಯಿ, 200 ಜಿಬಿಗೆ 219, ಅಲ್ಲಿಂದ ಒಂದೇ ಸಲ 2 ಟಿಬಿಗೆ 749. ಮಧ್ಯೆ ಏನೂ ಇಲ್ಲ. 201ನೇ ಜಿಬಿಗೆ ಕಾಲಿಟ್ಟರೆ ವರ್ಷಕ್ಕೆ 8,988. ಯುಪಿಐ ಆಟೋಪೇನಲ್ಲಿ ಸದ್ದಿಲ್ಲದೆ ಕಡಿತ ಆಗ್ತಾ ಇರುತ್ತೆ.

ಹೊರಗೆ ಬರೋರು ಇಲ್ಲಿ ಹುಷಾರು. ಸೆಟ್ಟಿಂಗ್ಸ್‌ನ ಫೋಟೋಸ್‌ನಲ್ಲಿ "ಆಪ್ಟಿಮೈಸ್ ಸ್ಟೋರೇಜ್" ಆನ್ ಇದ್ದರೆ ಫೋನ್‌ನಲ್ಲಿ ಎಷ್ಟೋ ಫೋಟೋಗಳ ಸಣ್ಣ ಪ್ರತಿ ಮಾತ್ರ ಇರುತ್ತೆ, ಮೂಲ ಫೋಟೋ ಐಕ್ಲೌಡ್‌ನಲ್ಲಿರುತ್ತೆ. ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ, ಎಲ್ಲ ಬಂತು ಅಂದುಕೊಂಡು ಐಕ್ಲೌಡ್ ಅಳಿಸಿದರೆ ಮುಗೀತು, ಮೂಲ ಹೋಯ್ತು. ಮೊದಲು "ಡೌನ್‌ಲೋಡ್ ಅಂಡ್ ಕೀಪ್ ಒರಿಜಿನಲ್ಸ್" ಒತ್ತಿ, ವೈಫೈನಲ್ಲಿ ಪೂರ್ತಿ ಇಳಿಯೋವರೆಗೆ ಕಾಯಿರಿ. ಫೋನ್‌ನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಆಪಲ್‌ನ ಪ್ರೈವಸಿ ಪುಟದಲ್ಲಿ ನಿಮ್ಮ ಡೇಟಾದ ಪ್ರತಿ ಕೇಳಬಹುದು, ಜಿಪ್ ಕಡತಗಳಾಗಿ ಕೊಡ್ತಾರೆ. ಎರಡು ಕಡೆ ಫೋಟೋ ತೆರೆದು ನೋಡಿ, ಆಮೇಲೆ ಅಳಿಸಿ.

ವಾಟ್ಸಾಪ್‌ನ ಐಕ್ಲೌಡ್ ಬ್ಯಾಕಪ್ ಆಂಡ್ರಾಯ್ಡ್‌ನಲ್ಲಿ ತೆರೆಯಲ್ಲ, ಬ್ಯಾಕಪ್ ಇದೆಯಲ್ಲ ಅಂತ ನಂಬಿಕೊಂಡು ಕೂರಬೇಡಿ. ಹೊಸ ಫೋನ್ ಮೊದಲ ಸಲ ಶುರು ಮಾಡುವಾಗಲೇ ಕೇಬಲ್ ಹಾಕಿ ಸಾಗಿಸಬೇಕು. ಐಮೆಸೇಜ್, ಫೇಸ್‌ಟೈಮ್ ಎರಡನ್ನೂ ಸಿಮ್ ತೆಗೆಯೋ ಮೊದಲೇ ಆಫ್ ಮಾಡಿ. ಕಳೆದ ಫೋನ್ ಹುಡುಕೋ ಫೈಂಡ್ ಮೈ ಆಫ್ ಮಾಡಿ ಅಕೌಂಟ್‌ನಿಂದ ಹೊರಬಂದು ಆಮೇಲೆ ಫೋನ್ ಅಳಿಸಿ, ಇಲ್ಲದಿದ್ದರೆ ಆಕ್ಟಿವೇಶನ್ ಲಾಕ್ (ನಿಮ್ಮ ಅಕೌಂಟ್‌ನ ಬೀಗ) ಇರೋ ಫೋನನ್ನು ಯಾರೂ ತಗೊಳ್ಳಲ್ಲ. ಫ್ಯಾಮಿಲಿ ಶೇರಿಂಗ್‌ನಲ್ಲಿ ಖರೀದಿ ಹಂಚಿಕೆ ಆನ್ ಇದ್ದರೆ ಮನೆಯವರೆಲ್ಲರ ಬಿಲ್ಲೂ ಒಬ್ಬರ ತಲೆಗೇ ಬರುತ್ತೆ, ಅದನ್ನೂ ನೋಡಿಕೊಳ್ಳಿ.

ಇಎಂಐ ಬಗ್ಗೆ ಎರಡು ಮಾತು. "ಹಳೇ ಕಂತು ಮುಗೀತಲ್ವಾ ಮೇಡಂ, ಅದೇ ಕಂತಲ್ಲಿ ಹೊಸದು ಬರುತ್ತೆ" ಅಂತ ಫೋನ್ ಮಾಡ್ತಾರಲ್ಲ, ಆ ಮಾತೇ ಚಟ ಹತ್ತಿಸೋದು. ಕಂತು ಮುಗಿದರೆ ದುಡ್ಡು ಉಳೀತು ಅಂತ ಅರ್ಥ, ಖಾಲಿ ಜಾಗ ಆಯ್ತು ಅಂತಲ್ಲ. ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿ ಇಲ್ಲದ ಕಂತು ಅನ್ನೋದೂ ಪೂರ್ತಿ ನಿಜ ಅಲ್ಲ. ಬಡ್ಡಿಯಷ್ಟು ರಿಯಾಯಿತಿ ಕೊಡ್ತಾರೆ, ಆದರೆ ಆ ಬಡ್ಡಿ ಮೇಲಿನ 18% ಜಿಎಸ್‌ಟಿ ನಿಮ್ಮದೇ. 80,000ದ ಫೋನ್, 12 ಕಂತು, 16% ಬಡ್ಡಿ ಅಂದರೆ ಸುಮಾರು 1,170 ರೂಪಾಯಿ ತೆರಿಗೆ, ಪ್ರೊಸೆಸಿಂಗ್ ಫೀಸ್ ಬೇರೆ.

ಮಾಡಬೇಕಾದ್ದು ಇಷ್ಟು. ವಾಚ್, ಇಯರ್‌ಬಡ್ಸ್, ಟ್ಯಾಗ್ ಯಾವುದೇ ತಗೊಳ್ಳಿ, ಬೇರೆ ಕಂಪನಿಯ ಫೋನ್ ಜೊತೆ ನಡೆಯುತ್ತಾ ಅಂತ ಮೊದಲು ಕೇಳಿ. ನಡೆಯಲ್ಲ ಅಂದರೆ ಮುಂದಿನ ಫೋನ್‌ನ ದುಡ್ಡನ್ನೂ ಅದರ ಬೆಲೆಗೆ ಸೇರಿಸಿ ನೋಡಿ. ಎಕ್ಸ್‌ಚೇಂಜ್ ಇದ್ದರೆ ಹಳೇ ಫೋನ್ ಮೊದಲು ನೋಡಿಸಿ, ಬೆಲೆ ಬಿಲ್‌ನಲ್ಲಿ ಬರೆಸಿ. ಅದಕ್ಕೂ ಮೊದಲು ಕಾರ್ಡ್ ಕೈಯಿಂದ ಬಿಡಬೇಡಿ. ಸೈಟ್‌ನ ಬೆಲೆ ಮತ್ತು ಕೇಳಿದ ಪ್ರಶ್ನೆಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಮೋಸ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ನಾವೂ ಕೊಟ್ಟಿದ್ದೇವೆ. ಅಂಗಡಿಯವರ ಉತ್ತರ ಬಂದಿದೆ: ಗ್ರಾಹಕರು ಪರಿಷ್ಕೃತ ಬೆಲೆ ಒಪ್ಪಿ ಸಹಿ ಮಾಡಿದ್ದಾರಂತೆ. ಸಹಿ ಹಾಕಿಸಿಕೊಂಡಿದ್ದು ಕಾರ್ಡ್ ಸ್ವೈಪ್ ಆದ ಮೇಲೆ. ಸ್ವೈಪ್ ಚೀಟಿಯಲ್ಲಿ ಸಮಯ ಇದೆ, ಎಕ್ಸ್‌ಚೇಂಜ್ ಚೀಟಿಯಲ್ಲೂ ಸಮಯ ಇದೆ. ಎರಡನ್ನೂ ದೂರಿಗೆ ಲಗತ್ತಿಸಿದ್ದೇವೆ.