ಆಂಥೂರಿಯಂ ಗಿಡ: ಕೆಂಪಿಗಿಂತ ಕಡ್ಡಿಯೇ ವಾಸಿ

ಆನ್‌ಲೈನಿನಲ್ಲಿ ಕೆಂಪು ಆಂಥೂರಿಯಂ ತರಿಸಿ 8 ತಿಂಗಳಾಯಿತು. ಬಂದ ವಾರವೇ ಬರೆದಿದ್ದರೆ ಎರಡು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು. ಅದೂ ಗಿಡಕ್ಕೆ, ಮಾರಿದವರಿಗಲ್ಲ.

ಪ್ಯಾಕಿಂಗ್ ಗೋಳು ಮೊದಲೇ ಹೇಳಿಬಿಡುತ್ತೇನೆ. ಮೂರು ಹೂ ಇದ್ದವು. ಎಲೆಗೆಲ್ಲ ಪೇಪರ್ ಸುತ್ತಿದ್ದರು, ಹೂವಿನ ನಡುವೆ ಎದ್ದು ನಿಲ್ಲುವ ಆ ದಪ್ಪ ಕಡ್ಡಿಗೆ ಮಾತ್ರ ಏನೂ ಇಲ್ಲ, ಒಂದರ ತುದಿ ಮುರಿದಿತ್ತು, ಇನ್ನೊಂದು ಉಜ್ಜಿ ಉಜ್ಜಿ ಕಪ್ಪಾಗಿತ್ತು. ಫೋನ್ ಮಾಡಿದರೆ "ಹೂವಿಗೆ ಏನೂ ಆಗಿಲ್ಲ ಅಲ್ವಾ, ಅದು ಬರೀ ಕಡ್ಡಿ" ಅಂದರು. ಗಿಡ ಮಾರುವವರೇ ಹೀಗಂದರೆ ಹೇಗೆ ಸ್ವಾಮಿ? ಹೂ ಇರುವುದೇ ಆ ಕಡ್ಡಿಯ ಮೇಲೆ! ಕೆಂಪಗೆ ಮಿರಮಿರ ಮಿಂಚುವುದು ದಳವಲ್ಲ, ಬಣ್ಣ ಬಂದ ಒಂದು ಎಲೆ ಅಷ್ಟೇ. ಕೆಸುವಿನ ಬಳಗದಲ್ಲಿ ಹೆಚ್ಚುಕಡಿಮೆ ಎಲ್ಲರದ್ದೂ ಇದೇ ಕಥೆ. ಪೀಸ್ ಲಿಲಿ (ಹೆಸರಿಗಷ್ಟೇ ಲಿಲಿ) ನೋಡಿ, ಅಲ್ಲೂ ಒಂದು ಹಾಳೆ, ನಡುವೆ ಒಂದು ಕಡ್ಡಿ.

ಗಿಡದ ಜೊತೆ ಬಂದ ಚೀಟಿ ಇನ್ನೂ ಚೆಂದ. ಕಡ್ಡಿಯ ಬಣ್ಣ ಬದಲಾದರೆ ಹೂ ಮುಗಿಯಿತು, ಕತ್ತರಿಸಿ ಅಂತ ಇತ್ತು. ನಂಬಿ ಮೂರನೆಯದನ್ನೂ ಕತ್ತರಿಸಿಬಿಟ್ಟೆ. ತಪ್ಪು ನನ್ನದೇ.

ಎರಡು ತಿಂಗಳಿಗೆ ಹೊಸ ಹೂ ಬಂತು. ಈ ಸಲ ಕತ್ತರಿ ಮುಟ್ಟದೆ ಸುಮ್ನೆ ಭೂತಗನ್ನಡಿ ಹಿಡಿದು ಕೂತೆ. ಪುಟ್ಟ ಜೋಳದ ತೆನೆ ಇದ್ದ ಹಾಗಿದೆ. ನೂರಾರು ಗುಬುಟುಗಳು, ಒಂದೊಂದೂ ಒಂದೊಂದು ಹೂ, ಸಾಲು ಓರೆಯಾಗಿ ಸುತ್ತಿಕೊಂಡು ಮೇಲೆ ಹೋಗುತ್ತದೆ. ಮೊದಲು ಹೆಣ್ಣಿನ ಸರದಿ. ಗುಬುಟಿನ ನೆತ್ತಿಯಲ್ಲಿ ಸಾಸಿವೆಗಿಂತ ಚಿಕ್ಕ ಹನಿ ಹೊಳೆಯುತ್ತದೆ, ಬೆರಳಿಗೆ ಅಂಟಂಟು. ಅದು ಒಣಗಿ ಕೆಲವು ದಿನವಾದ ಮೇಲೆ ಅದೇ ಹೂಗಳಿಂದ ಪರಾಗದ ಪುಡಿ. ಎರಡೂ ಒಟ್ಟಿಗೆ ಬರುವುದಿಲ್ಲ, ಹಾಗಾಗಿ ತನ್ನ ಪರಾಗ ತನಗೇ ತಾಗುವುದು ಕಷ್ಟ. ಚೀಟಿ ಬರೆದವರು ಮುಗಿಯಿತು ಅಂದದ್ದು ಇದನ್ನೇ ಇರಬೇಕು!

ಮತ್ತೊಂದು ಹೂ ಬಂದಾಗ ಹಳೆಯದರ ಪುಡಿಯನ್ನು ಮೆತ್ತನೆ ಬ್ರಷ್‌ನಲ್ಲಿ ತೆಗೆದು ಹೊಸದರ ಅಂಟಿಗೆ ಸವರಿದೆ. ನಾಲ್ಕು ದಿನ ದಿನಾ ಬೆಳಿಗ್ಗೆ. ಮನೆಯವರು ನಕ್ಕರು, ನಗಲಿ. ಈಗ ಆ ಕಡ್ಡಿ ಹಸಿರಾಗಿ ದಪ್ಪಗಾಗಿದೆ, ಗುಬುಟುಗಳು ಉಬ್ಬುತ್ತಿವೆ. ಹಣ್ಣಾಗಲು ಇನ್ನೂ ತಿಂಗಳುಗಳು ಬೇಕು.

ಸುಮಾತ್ರಾದ ಟೈಟನ್ ಅರಮ್ ಇದರ ದೊಡ್ಡಣ್ಣ. ಅದು 3 ಮೀಟರ್ ದಾಟಿದ್ದುಂಟು, ಅರಳುವ ರಾತ್ರಿ ಕಡ್ಡಿ ಬಿಸಿಯಾಗಿ ಕೊಳೆತ ಮಾಂಸದ ನಾತ ಹರಡುತ್ತದೆ. ನಮ್ಮದು ಪಾಪ, ತಣ್ಣಗಿದೆ, ವಾಸನೆಯೂ ಇಲ್ಲ.

ಒಂದು ಎಚ್ಚರಿಕೆ. ಗಿಡದ ತುಂಬ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು, ಕಚ್ಚಿದರೆ ಬಾಯಿ ಉರಿಯುತ್ತದೆ, ಮಗುವೋ ಬೆಕ್ಕೋ ಇದ್ದರೆ ಎತ್ತರದಲ್ಲಿಡಿ. ನೇರ ಬಿಸಿಲು ಬೇಡ. ನೀರೂ ಜಾಸ್ತಿ ಬೇಡ.

ಒಂದು ಸ್ಟಾರ್ ಕಡಿಮೆಯಾದದ್ದು ಮುರಿದ ಆ ತುದಿಗೆ. ಅದು ಮತ್ತೆ ಬೆಳೆಯಲಿಲ್ಲ.